ಹಾರ-ಶಾಲು ಸಾಕು, ಸದಸ್ಯರ ಮಾತಿಗೆ ಜಾಗ ಕೊಡಿ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಲ್ಲಿ, ಒಂದಲ್ಲ ಒಂದು ತಲೆಮಾರಿನಲ್ಲಿ ಹೋಟೆಲಿನ ಅನ್ನ ಉಣ್ಣದ ಕುಟುಂಬ ಅಪರೂಪ. ಅಜ್ಜ ಕಪ್ಪು-ಬಸಿ ತೊಳೆದಿರಬಹುದು, ಅಪ್ಪ ಗಲ್ಲಾದ ಮೇಲೆ ಕುಳಿತಿರಬಹುದು, ಮಗ ಈಗ ಮೊಬೈಲಿನಲ್ಲಿ ಬಂದು ಬೀಳುವ ಆರ್ಡರುಗಳನ್ನು ಎಣಿಸುತ್ತಿರಬಹುದು. ಆದುದರಿಂದ ಹೋಟೆಲುದ್ಯಮದ ಸಂಘಗಳ ವಿಚಾರವನ್ನು ಮಾಲೀಕರ ಪಾಡಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಅದು ಮನೆಮನೆಯ ವಿಚಾರ. ಇಂದು ನಾವು ಕೇಳಹೊರಟಿರುವುದು ಒಂದೇ ಪ್ರಶ್ನೆ. ಸದಸ್ಯನೊಬ್ಬನು ತನ್ನ ವ್ಯಾಪಾರದ ಕಷ್ಟವನ್ನು ಇತರ ಸದಸ್ಯರ ಮುಂದೆ, ಹೊರಗಿನವರ ಕಿವಿಗೆ ಬೀಳದಂತೆ, ಬಾಯಿಬಿಟ್ಟು ಹೇಳಲು ನಮ್ಮ ಉದ್ಯಮ ಸಂಘಗಳಲ್ಲಿ ಜಾಗ ಎಲ್ಲಿದೆ?

ಸಂಘಗಳು ಏನೂ ಮಾಡುತ್ತಿಲ್ಲವೆಂದು ನಾವು ಹೇಳುವುದಿಲ್ಲ. ಸತ್ಯನಾರಾಯಣ ಪೂಜೆ ನಡೆಯುತ್ತದೆ. ಕ್ರೀಡಾಕೂಟ ನಡೆಯುತ್ತದೆ. ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ವಾರ್ಷಿಕೋತ್ಸವಕ್ಕೆ ಮಂತ್ರಿಗಳನ್ನು ಕರೆತಂದು, ದಪ್ಪನೆಯ ಸ್ಮರಣ ಸಂಚಿಕೆ ಬಿಡುಗಡೆ ಮಾಡಿ, ಹತ್ತು ಹದಿನೈದು ಮಂದಿಗೆ ಶಾಲು ಹೊದಿಸುತ್ತಾರೆ. ಇದಾವುದಕ್ಕೂ ನಮ್ಮ ವಿರೋಧವಿಲ್ಲ. ಆದರೆ ಉತ್ಸವ ಮಾಡಲು ನಮ್ಮಲ್ಲಿ ಜಾತಿ ಸಂಘಗಳಿವೆ, ಭಜನಾ ಮಂಡಳಿಗಳಿವೆ, ಯಕ್ಷಗಾನ ಮೇಳಗಳಿವೆ, ಊರಿನ ಹೆಸರಿನ ಸಂಘಗಳಿವೆ. ಒಂದೇ ಉದ್ಯಮ ಮಾಡುವವರು ಚಂದಾ ಕೊಟ್ಟು ಕಟ್ಟಿಕೊಂಡ ಸಂಘಕ್ಕೆ ಬೇರೆ ಯಾವ ಸಂಘವೂ ಮಾಡಲಾಗದ ಕೆಲಸವೊಂದಿದೆ. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಾಗುವಂತೆ ಮಾಡುವುದೇ ಆ ಕೆಲಸ. ಅದು ನಡೆಯದಿದ್ದರೆ ಮಿಕ್ಕದ್ದೆಲ್ಲ ನಡೆದೂ ಏನು ಪ್ರಯೋಜನ?

ಒಂದು ಚಿಕ್ಕ ಹೋಟೆಲಿನ ಮಾಲೀಕ ಇಂದು ಎಷ್ಟು ಬಾಗಿಲುಗಳಿಗೆ ಉತ್ತರ ಹೇಳಬೇಕೆಂಬುದನ್ನು ಲೆಕ್ಕ ಹಾಕಿ ನೋಡಿ. ಮುನಿಸಿಪಾಲಿಟಿಯ ಆರೋಗ್ಯ ಲೈಸೆನ್ಸು, ಅಗ್ನಿಶಾಮಕದವರ ಪತ್ರ, ಆಹಾರ ಸುರಕ್ಷತೆಯ ಲೈಸೆನ್ಸು, ಜಿಎಸ್‌ಟಿ, ನೌಕರರ ಪ್ರಾವಿಡೆಂಟ್ ಫಂಡು, 19 ಕಿಲೋದ ಗ್ಯಾಸ್ ಸಿಲಿಂಡರಿನ ದರ, ಜಾಗದ ಮಾಲೀಕನ ಕರಾರು, ಇವೆಲ್ಲದರ ಮೇಲೆ ಮನೆಮನೆಗೆ ಊಟ ಮುಟ್ಟಿಸುವ ಕಂಪೆನಿಗಳ ಕಮಿಷನ್ನು. ನಿಯಮಗಳೂ ನಿಂತ ನೀರಲ್ಲ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲಿನ ಊಟ-ತಿಂಡಿಗೆ ಜಿಎಸ್‌ಟಿ ಶೇಕಡಾ 5 ಆಯಿತು. ಆದರೆ ಮಾಲೀಕ ತಾನು ಕೊಡುವ ಬಾಡಿಗೆ ಮುಂತಾದವುಗಳ ಮೇಲಿನ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. 2022ರ ಜನವರಿ 1ರಂದು ಒಂದೇ ದಿನ ಎರಡು ಬದಲಾವಣೆಗಳು ಬಂದವು. ಬಿಲ್ಲಿನ ಮೇಲೆ ಆಹಾರ ಲೈಸೆನ್ಸಿನ ಸಂಖ್ಯೆ ಅಚ್ಚಾಗಬೇಕಾಯಿತು; ಆಪ್ ಮೂಲಕ ಹೋಗುವ ಊಟದ ಜಿಎಸ್‌ಟಿಯನ್ನು ಹೋಟೆಲಿನ ಬದಲು ಆ ಕಂಪೆನಿಯೇ ಕಟ್ಟುವ ಏರ್ಪಾಡಾಯಿತು. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿಯಿಲ್ಲದ ಮಾಲೀಕನಿಂದ ವಾಣಿಜ್ಯ ಜಾಗ ಬಾಡಿಗೆಗೆ ಪಡೆದಿದ್ದರೆ ಅದರ ತೆರಿಗೆಯನ್ನು ನೋಂದಣಿ ಇರುವ ಬಾಡಿಗೆದಾರನೇ ಕಟ್ಟಬೇಕೆಂಬ ನಿಯಮ ಬಂತು. 2025ರ ಆರಂಭದಲ್ಲಿ ಮುಂಬಯಿಯ ಮುನಿಸಿಪಾಲಿಟಿ, ಇದ್ದಿಲಿನ ತಂದೂರುಗಳನ್ನು ಜುಲೈ 8ರೊಳಗೆ ಗ್ಯಾಸಿಗೋ ವಿದ್ಯುತ್ತಿಗೋ ಬದಲಿಸಿಕೊಳ್ಳಿರೆಂದು ನೋಟೀಸು ಕೊಟ್ಟಿತು.

ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡಿ, ರಾತ್ರಿ ಹನ್ನೆರಡಕ್ಕೆ ಶಟರ್ ಎಳೆಯುವ ಮನುಷ್ಯ ಇವನ್ನೆಲ್ಲ ಯಾವಾಗ ಓದಿಯಾನು? ಓದಿದರೂ ಯಾರನ್ನು ಕೇಳಿಯಾನು?

ಒಬ್ಬ ಮಾಲೀಕರನ್ನು ಊಹಿಸಿಕೊಳ್ಳೋಣ. ಉಪನಗರದಲ್ಲಿ ಹನ್ನೆರಡು ಟೇಬಲಿನ ಹೋಟೆಲು, ಅದೂ ಕಂಡಕ್ಟಿಂಗಿಗೆ ಪಡೆದದ್ದು. ಯಾವುದೋ ಇಲಾಖೆಯಿಂದ ನೋಟೀಸು ಬರುತ್ತದೆ. ಅದು ಎಲ್ಲರಿಗೂ ಬಂದಿದೆಯೋ ತನಗೊಬ್ಬನಿಗೇ ಬಂದಿದೆಯೋ ಅವರಿಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಸಂಘದ ಗುಂಪೊಂದಿದೆ. ಅದರಲ್ಲಿ ಸದಸ್ಯರು ಮಾತ್ರವೇ ಇದ್ದಾರೆಯೆ? ಗ್ಯಾಸಿನವನಿದ್ದಾನೆ, ಕಿರಾಣಿಯವನಿದ್ದಾನೆ, ಲೈಸೆನ್ಸ್ ಮಾಡಿಸಿಕೊಡುವ ಏಜೆಂಟನಿದ್ದಾನೆ, ಜಾಗದ ದಲಾಲನಿದ್ದಾನೆ, ಊಟ ಮುಟ್ಟಿಸುವ ಕಂಪೆನಿಯ ಹುಡುಗನೂ ಇದ್ದಾನೆ. ಯಾರನ್ನು ಯಾರು ಸೇರಿಸಿದರೆಂದು ಕಾರ್ಯದರ್ಶಿಗಳಿಗೇ ತಿಳಿಯದು. ನಮ್ಮ ಮಾಲೀಕರು ಧೈರ್ಯ ಮಾಡಿ ಅಲ್ಲಿ ಪ್ರಶ್ನೆ ಕೇಳಿದರೆನ್ನಿ. ಉತ್ತರ ಬರುವ ಮೊದಲೇ ಏಜೆಂಟನ ಫೋನು ಬರುತ್ತದೆ: “ಸೇಟ್, ನೋಟೀಸ್ ಬಂದಿದೆಯಂತೆ, ನಾನು ಮುಗಿಸಿಕೊಡುತ್ತೇನೆ.” ಸಂಜೆಯೊಳಗೆ ಸುದ್ದಿ ಜಾಗದ ಮಾಲೀಕನ ಕಿವಿಗೆ ಬಿದ್ದಿರುತ್ತದೆ. ಮರುದಿನ ಕಿರಾಣಿಯವನು ಉದ್ರಿ ಕೊಡಲು ಹಿಂದೆಮುಂದೆ ನೋಡುತ್ತಾನೆ. ಹೋಟೆಲಿಗನಿಗೆ ಉದ್ರಿ ನಿಂತಿತೆಂದರೆ ಉಸಿರು ನಿಂತಂತೆ.

ಹೀಗಾಗುತ್ತದೆಂದು ಬಲ್ಲವರು ಆ ಗುಂಪಿನಲ್ಲಿ ಪ್ರಶ್ನೆ ಕೇಳುವುದೇ ಇಲ್ಲ. ಶುಭೋದಯದ ಹೂವಿನ ಚಿತ್ರ, ಹುಟ್ಟುಹಬ್ಬದ ಹಾರೈಕೆ, ಶ್ರದ್ಧಾಂಜಲಿ, ಇಷ್ಟು ಬಿಟ್ಟರೆ ಅಲ್ಲಿ ಮತ್ತೇನು ಉಳಿಯುತ್ತದೆ? ವಾರ್ಷಿಕ ಮಹಾಸಭೆಯಲ್ಲಿ ಕೇಳೋಣವೆಂದರೆ ಅಲ್ಲಿ ವರದಿ ವಾಚನ, ಲೆಕ್ಕಪತ್ರ, ಚುನಾವಣೆ, ಮೈಕು ಹಿಡಿದ ಗಣ್ಯರು. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಕಷ್ಟದಲ್ಲಿರುವವನು ಕೈತೊಳೆಯುವಲ್ಲಿ ಯಾರೋ ಪರಿಚಿತರ ಕಿವಿಯಲ್ಲಿ ಎರಡು ಮಾತು ಪಿಸುಗುಟ್ಟಿ ಮನೆಗೆ ಹೋಗುತ್ತಾನೆ. ಮುಂದೊಂದು ದಿನ ಹೋಟೆಲಿನ ಶಟರ್ ಇಳಿದೇ ಇರುತ್ತದೆ. ಹೆಂಡತಿ ಮಕ್ಕಳಿಗೆ ಸಾಲದ ಮೊತ್ತ ತಿಳಿಯುವುದು ಆಮೇಲೆ.

ಈಗ ಎದುರು ಪಕ್ಷವನ್ನು ನೋಡಿ. ಊಟ ಮುಟ್ಟಿಸುವ ಕಂಪೆನಿಗೆ ಒಂದು ಬೀದಿಯ ಪ್ರತಿಯೊಂದು ಹೋಟೆಲಿನಿಂದ ತನ್ನ ಮೂಲಕ ದಿನಕ್ಕೆ ಎಷ್ಟು ದೋಸೆ ಹೋಯಿತು, ಯಾವ ಹೊತ್ತಿಗೆ ಹೋಯಿತು, ಯಾವ ಗಿರಾಕಿ ಎಲ್ಲಿಂದ ಎಲ್ಲಿಗೆ ಜಿಗಿದ ಎಂಬುದೆಲ್ಲ ಗೊತ್ತು. ಯಾರ ಹತ್ತಿರ ಯಾವ ಷರತ್ತಿಗೆ ಸಹಿ ಹಾಕಿಸಿಕೊಂಡಿದ್ದೇವೆ ಎಂಬುದೂ ಗೊತ್ತು. ಹೋಟೆಲಿನವನಿಗೆ ಗೊತ್ತಿರುವುದು ತನ್ನ ಒಂದು ಕಾಗದ ಮಾತ್ರ. ಅದರ ಸಣ್ಣಕ್ಷರವನ್ನೂ ಅವನು ಪೂರ್ತಿ ಓದಿರುವುದಿಲ್ಲ. ಸಾವಿರ ಜನರ ಗುಟ್ಟು ಬಲ್ಲವನು ಒಂದು ಕಡೆ, ತನ್ನೊಬ್ಬನ ಗುಟ್ಟನ್ನೂ ಸರಿಯಾಗಿ ಅರಿಯದವನು ಇನ್ನೊಂದು ಕಡೆ ಕುಳಿತು ಆಡುವ ಮಾತಿಗೆ ವ್ಯವಹಾರವೆಂಬ ಹೆಸರು ಒಪ್ಪುತ್ತದೆಯೆ?

ಒಟ್ಟಾಗಿ ನಿಂತಾಗ ಏನಾಗುತ್ತದೆಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಗಳಿವೆ. 2019ರ ಆಗಸ್ಟಿನಲ್ಲಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ರೆಸ್ಟೋರೆಂಟಿನವರು ಆಪ್‌ಗಳ ವಿಪರೀತ ರಿಯಾಯಿತಿ ಯೋಜನೆಗಳಿಂದ ಹೊರಬರುವ ಚಳವಳಿ ಹೂಡಿದರು. ಅದು ಬೇರೆ ನಗರಗಳಿಗೂ ಹಬ್ಬಿತು. 2021ರ ಜುಲೈಯಲ್ಲಿ ನ್ಯಾಷನಲ್ ರೆಸ್ಟೋರೆಂಟ್ ಅಸೋಸಿಯೇಷನ್ ಆಫ್ ಇಂಡಿಯಾ ಸಂಸ್ಥೆ ಜೊಮ್ಯಾಟೊ ಮತ್ತು ಸ್ವಿಗ್ಗಿಗಳ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2022ರ ಏಪ್ರಿಲ್ 4ರಂದು ಆಯೋಗ ತನಿಖೆಗೆ ಆದೇಶಿಸಿತು. ನಮ್ಮ ಮುಂಬಯಿಯಲ್ಲೇ ನೋಡಿ. ಡ್ಯಾನ್ಸ್ ಬಾರ್ ನಿಷೇಧದ ಬಗ್ಗೆ ನಮ್ಮ ವಾಚಕರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಅದು ಬೇರೆ ಮಾತು. 2005ರ ಆ ನಿಷೇಧವನ್ನು ಪ್ರಶ್ನಿಸಿ ಹೋಟೆಲಿಗರ ಸಂಘ ಮುಂಬಯಿ ಹೈಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದಿತು. 2013ರಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಎತ್ತಿಹಿಡಿಯಿತು. ಒಬ್ಬಂಟಿ ಮಾಲೀಕನಿಂದ ಎಂಟು ವರ್ಷ ಕೋರ್ಟು ಹತ್ತಿ ಇಳಿಯಲು ಆಗುತ್ತಿತ್ತೆ? ಅಬಕಾರಿ ಸುಂಕ ಮತ್ತು ವ್ಯಾಟ್ ಏರಿಕೆಯನ್ನು ವಿರೋಧಿಸಿ 2025ರ ಜುಲೈ 14ರಂದು ಮಹಾರಾಷ್ಟ್ರದ ಬಾರು, ಪರ್ಮಿಟ್ ರೂಮುಗಳವರು ಒಂದು ದಿನ ಬಾಗಿಲು ಹಾಕಿ ಪ್ರತಿಭಟಿಸಿದ್ದೂ ಸಂಘದ ಬಲದಿಂದಲೇ.

ಆದರೆ ಬಂದ್ ಮಾಡುವುದು ವರ್ಷಕ್ಕೊಂದು ದಿನದ ಕೆಲಸ. ಮಿಕ್ಕ 364 ದಿನ ಏನು? ಆಯೋಗಕ್ಕಾಗಲಿ ಕೋರ್ಟಿಗಾಗಲಿ ದೂರು ಕೊಡಬೇಕಾದರೆ ಬರಿ ಗಂಟಲು ಸಾಲದು, ಕಾಗದ ಬೇಕು. ಆ ಕಾಗದಗಳು ಸದಸ್ಯರ ಡ್ರಾಯರುಗಳಲ್ಲಿ ಬಿದ್ದಿರುತ್ತವೆ. “ನನಗೂ ಹೀಗೇ ಆಯಿತು, ಇಗೋ ನನ್ನ ಪತ್ರ” ಎಂದು ಒಬ್ಬನು ಹೇಳಿದಾಗ ಇನ್ನೊಬ್ಬನ ಬಾಯಿಯೂ ತೆರೆಯುತ್ತದೆ. ಆ ಮೊದಲ ಮಾತನ್ನು ಆಡಲು ಜಾಗವಿಲ್ಲದ ಸಂಘ ಘೋಷಣೆ ಕೂಗೀತೇ ಹೊರತು ದಾವೆ ಗೆಲ್ಲಲಾರದು.

ಇದಕ್ಕೆ ಆಕ್ಷೇಪ ಎತ್ತುವವರಿದ್ದಾರೆ. ಅವರ ಮಾತನ್ನೂ ಕೇಳೋಣ.

ಬಾಗಿಲು ಮುಚ್ಚಿ ವ್ಯಾಪಾರಿಗಳು ಮಾತಾಡಿದರೆ ಅದು ಒಳಸಂಚಲ್ಲವೇ, ಎಂಬುದು ಮೊದಲನೆಯ ಆಕ್ಷೇಪ. ಹುರುಳಿಲ್ಲದ ಮಾತಲ್ಲ. ಒಂದೇ ಕಸುಬಿನವರು ಸೇರಿದಲ್ಲಿ ಗಿರಾಕಿಗೆ ಕೇಡು ಬಗೆಯುವ ಮಾತು ಹುಟ್ಟಬಹುದೆಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಎಚ್ಚರಿಸಿದ್ದ. ನಮ್ಮ ದೇಶದಲ್ಲಿ 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮು ಇದಕ್ಕಾಗಿಯೇ ಇದೆ. ವ್ಯಾಪಾರಿಗಳು ಒಟ್ಟಾಗಿ ದರ ನಿಗದಿ ಮಾಡುವುದು, ಮಾರುಕಟ್ಟೆ ಹಂಚಿಕೊಳ್ಳುವುದು ಅಪರಾಧ. ಸಂಘದ ಹೆಸರಿನಲ್ಲಿ ಮಾಡಿದರೂ ಬಿಡುಗಡೆಯಿಲ್ಲ. ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಕ್ಕೆ 2013ರಲ್ಲಿ ಆಯೋಗ ದಂಡ ಹಾಕಿತು. ಸಂಘದ ಒಪ್ಪಿಗೆ ಪತ್ರವಿಲ್ಲದೆ ಕಂಪೆನಿಗಳು ಹೊಸ ಸ್ಟಾಕಿಸ್ಟರನ್ನು ನೇಮಿಸದಂತೆ ತಡೆದದ್ದು, ಲಾಭದ ಅಂಚನ್ನು ಕಟ್ಟಿಹಾಕಿದ್ದು ಅದಕ್ಕೆ ಕಾರಣ.

ಆದುದರಿಂದಲೇ ನಾವು ಹೇಳುವುದು, ಮಾತಿಗೆ ಜಾಗವೂ ಬೇಕು, ಜಾಗಕ್ಕೆ ನಿಯಮವೂ ಬೇಕು. “ಸೋಮವಾರದಿಂದ ಎಲ್ಲರೂ ಮಸಾಲೆ ದೋಸೆಗೆ ಹತ್ತು ರೂಪಾಯಿ ಏರಿಸೋಣ” ಎಂಬ ಮಾತು ಅಲ್ಲಿ ಬರಕೂಡದು. ಇಂಥ ಕಂಪೆನಿಯೊಡನೆ ಯಾರೂ ವ್ಯವಹರಿಸಕೂಡದೆಂಬ ಕಟ್ಟಳೆಯೂ ಕೂಡದು. ಕಮಿಷನ್ನಿನ ದರದಂಥ ಸೂಕ್ಷ್ಮ ವಿಷಯ ಬಂದಾಗ ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಆದರೆ ಈ ನೋಟೀಸಿಗೆ ಉತ್ತರ ಹೇಗೆ ಬರೆಯುವುದು, ಈ ಹೊಸ ತೆರಿಗೆ ನಮಗೆ ತಗಲುತ್ತದೆಯೆ, ಈ ಕರಾರಿನ ಈ ಮಾತಿನ ಅರ್ಥವೇನು, ಅಗ್ನಿಶಾಮಕದವರು ಕೇಳುವ ಉಪಕರಣ ಯಾವುದು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ಯಾವ ಕಾನೂನು ತಡೆಯುತ್ತದೆ? ಇವೆರಡರ ನಡುವಿನ ಗೆರೆ ಸದಸ್ಯನಿಗೆ ತಿಳಿಯುವುದಾದರೂ ಎಲ್ಲಿ? ನಿಯಮವಿರುವ ಕೂಟದಲ್ಲೇ ತಿಳಿಯಬೇಕು. ಕೂಟವಿಲ್ಲದಿದ್ದರೆ ದರದ ಮಾತು ರೈಲಿನ ಡಬ್ಬಿಯಲ್ಲಿ ನಡೆಯುತ್ತದೆ. ಅಲ್ಲಿ ತಡೆಯುವವರು ಯಾರೂ ಇರುವುದಿಲ್ಲ.

ಎದುರು ಬದಿಯ ಹೋಟೆಲಿನವನೂ ಸದಸ್ಯನೇ, ಅವನ ಮುಂದೆ ನನ್ನ ಗುಟ್ಟು ಹೇಳಲೇ, ಎಂಬುದು ಎರಡನೆಯ ಆಕ್ಷೇಪ. ನಿಮ್ಮ ಸಾಂಬಾರಿನ ಮಸಾಲೆಯನ್ನು ಯಾರೂ ಕೇಳುತ್ತಿಲ್ಲ. ನಿಮ್ಮ ಗಲ್ಲಾದ ಲೆಕ್ಕವೂ ಬೇಡ. ಇಬ್ಬರಿಗೂ ಒಂದೇ ಇನ್‌ಸ್ಪೆಕ್ಟರು, ಒಂದೇ ಗ್ಯಾಸು, ಒಂದೇ ಆಪ್. ಗಿರಾಕಿಯ ಮಟ್ಟಿಗೆ ಸ್ಪರ್ಧಿಗಳಾಗಿರುವ ನೀವಿಬ್ಬರೂ ನೋಟೀಸಿನ ಮಟ್ಟಿಗೆ ಒಂದೇ ದೋಣಿಯಲ್ಲಿದ್ದೀರಿ.

ಇಷ್ಟಕ್ಕೂ ನಮ್ಮವರಿಗೆ ಪರಸ್ಪರ ನಂಬಿಕೆ ಹೊಸದೇ? 1906ರಲ್ಲಿ ಎಸ್. ಎಸ್. ತಲ್ಮಕಿ ಅವರು ಈ ಮುಂಬಯಿಯಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಸಂಸ್ಥೆಯನ್ನು ಕಟ್ಟಿದಾಗ ಕೆನರಾದಿಂದ ಬಂದ ಸಾರಸ್ವತರು ತಮ್ಮ ಸಣ್ಣ ಉಳಿತಾಯವನ್ನು ಒಬ್ಬರೊಬ್ಬರ ಕೈಗೆ ಒಪ್ಪಿಸಿದರು. ಮುಂದೆ ಅದೇ ಬ್ಯಾಂಕಾಗಿ ಬೆಳೆಯಿತು. 1978ರಲ್ಲಿ ಬಿಲ್ಲವರ ಅಸೋಸಿಯೇಷನ್ನಿನ ಪ್ರಯತ್ನದಿಂದ ಭಾರತ್ ಸಹಕಾರಿ ಬ್ಯಾಂಕು ಹುಟ್ಟಿತು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪುಸ್ತಕವನ್ನು ಹಂಚಿಕೊಂಡು ಮೆಟ್ರಿಕ್ ಕಟ್ಟಿದರು. ಬೆವರಿನ ಹಣವನ್ನೇ ಒಬ್ಬರನ್ನೊಬ್ಬರು ನಂಬಿ ಇಟ್ಟ ಜನ ನಾವು. ನಾಲ್ಕು ಮಾತನ್ನು ನಂಬಿ ಇಡಲಾರೆವೇ?

ಸಮಯವೆಲ್ಲಿದೆ ಎಂಬುದು ಮೂರನೆಯ ಆಕ್ಷೇಪ. ಸನ್ಮಾನ ಸಮಾರಂಭಕ್ಕೆ ಮೂರು ಗಂಟೆ ಕುಳಿತುಕೊಳ್ಳುವ ಜನರಿಗೆ ತಿಂಗಳಿಗೆ ಒಂದೂವರೆ ಗಂಟೆ ಸಿಗುವುದಿಲ್ಲವೆಂದರೆ ನಾವು ನಂಬುವುದಿಲ್ಲ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಹೇಳಿಬಿಡುತ್ತೇವೆ. ಸದಸ್ಯರು ತಮ್ಮತಮ್ಮಲ್ಲೇ ಮಾತಾಡತೊಡಗಿದರೆ ಪದಾಧಿಕಾರಿಗಳನ್ನು ಪ್ರಶ್ನಿಸಲೂ ತೊಡಗುತ್ತಾರೆ. ಕಳೆದ ವರ್ಷ ಮಂತ್ರಿಗಳಿಗೆ ಕೊಟ್ಟ ಮನವಿ ಏನಾಯಿತು, ಸ್ಮರಣ ಸಂಚಿಕೆಯ ಜಾಹೀರಾತಿನ ಹಣ ಎಲ್ಲಿ ಹೋಯಿತು, ಒಬ್ಬರೇ ಎಷ್ಟು ವರ್ಷ ಕುರ್ಚಿಯಲ್ಲಿರುವುದು ಎಂಬ ಪ್ರಶ್ನೆಗಳು ಬರುತ್ತವೆ. ಪ್ರತಿಯೊಬ್ಬ ಸದಸ್ಯನೂ ಅಧ್ಯಕ್ಷರಿಗೇ ಫೋನು ಮಾಡಬೇಕು, ಅಧ್ಯಕ್ಷರೇ ಯಾರಿಗೋ ಹೇಳಿ ಕೆಲಸ ಮಾಡಿಸಿಕೊಡಬೇಕು, ಆ ಉಪಕಾರವನ್ನು ಸದಸ್ಯ ಚುನಾವಣೆಯ ದಿನ ನೆನೆಯಬೇಕು ಎಂಬ ಏರ್ಪಾಡು ಕೆಲವರಿಗೆ ಬಲು ಹಿತವಾಗಿದೆ. ನಿಜವಾಗಿ ದುಡಿಯುವ ಪದಾಧಿಕಾರಿಗಳೂ ಬೇಕಾದಷ್ಟಿದ್ದಾರೆ. ಅವರಿಗೆ ಈ ಮಾತು ತಗಲುವುದಿಲ್ಲ. ಅಂಥವರಿಗೆ ಇಂಥ ಕೂಟದಿಂದ ಅರ್ಧ ಹೊರೆ ಇಳಿಯುತ್ತದೆ. ಒಂದೇ ಪ್ರಶ್ನೆಗೆ ನೂರು ಫೋನಿನಲ್ಲಿ ಉತ್ತರ ಹೇಳುವ ಬದಲು ಒಮ್ಮೆ ಹೇಳಿದರೆ ಸಾಕು.

ಹಾಗಾದರೆ ಏನು ಮಾಡಬೇಕು? ನಾವು ಆಕಾಶದಲ್ಲಿ ಮಾಳಿಗೆ ಕಟ್ಟುವುದಿಲ್ಲ. ಜಾಗ ಸಂಘದ ಕಚೇರಿಯಾಗಲಿ, ಒಬ್ಬ ಸದಸ್ಯರ ಹೋಟೆಲಿನ ಮಾಳಿಗೆಯಾಗಲಿ, ದೂರದವರಿಗಾಗಿ ಮೊಬೈಲೇ ಆಗಲಿ. ನಿಯಮಗಳು ಮಾತ್ರ ಗಟ್ಟಿಯಾಗಿರಬೇಕು.

ಸದಸ್ಯತ್ವದ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಒಳಗೆ ಪ್ರವೇಶ. ಆ ಪುಸ್ತಕವನ್ನು ವರ್ಷಕ್ಕೊಮ್ಮೆ ತಿದ್ದಬೇಕು. ಉದ್ಯಮ ಬಿಟ್ಟವರ, ಮಾರಿ ಹೋದವರ ಹೆಸರು ತೆಗೆಯಬೇಕು. ಅಪ್ಪನ ನಂತರ ಗಲ್ಲಾ ಹಿಡಿದ ಮಗಳನ್ನೋ ಮಗನನ್ನೋ, ಗಂಡನ ನಂತರ ಹೋಟೆಲು ನಡೆಸುತ್ತಿರುವ ಹೆಣ್ಣುಮಗಳನ್ನೋ ತಡಮಾಡದೆ ಸೇರಿಸಬೇಕು. ಸರಕು ಮಾರುವವರಿಗೆ, ದಲಾಲರಿಗೆ, ಏಜೆಂಟರಿಗೆ ಬೇರೆ ದಿನ, ಬೇರೆ ಜಾಗ. ತೆರಿಗೆಯ, ಕಾನೂನಿನ ತಜ್ಞರನ್ನು ಕರೆಯಬೇಕಾದಾಗ ಕರೆಯಿರಿ. ಅವರ ಮಾತು ಮುಗಿದ ಮೇಲೆ ಚಹಾ ಕೊಟ್ಟು ಬೀಳ್ಕೊಡಿ. ಒಳಗಿನ ಮಾತನ್ನು ಹೊರಗೆ ದಾಟಿಸಿದವನಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಬಾಗಿಲು. ಹೆಸರು ಹೇಳಿ ಕೇಳಲು ಅಂಜುವವನ ಪ್ರಶ್ನೆಯನ್ನು ಕಾರ್ಯದರ್ಶಿ ಹೆಸರು ಮುಚ್ಚಿ ಓದಲಿ. ಕನ್ನಡ, ತುಳು, ಮರಾಠಿ, ಹಿಂದಿ ಯಾವುದರಲ್ಲಿ ಬಾಯಿ ಬರುತ್ತದೋ ಅದರಲ್ಲಿ ಮಾತಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿದ ಪ್ರಶ್ನೆ ಮತ್ತು ಸಿಕ್ಕಿದ ಉತ್ತರ ಒಂದು ದಫ್ತರದಲ್ಲಿ ವಿಷಯವಾರು ದಾಖಲಾಗಲಿ. ಇಂದು ಒಬ್ಬನು ಪಟ್ಟ ಪಾಡಿನಿಂದ ಕಲಿತದ್ದು ಮುಂದಿನ ವರ್ಷ ಹೊಸದಾಗಿ ಹೋಟೆಲು ತೆರೆಯುವ ಹುಡುಗನಿಗೆ ಸಿಗಲಿ. ಈಗ ಹಾಗಿಲ್ಲ. ಒಬ್ಬ ಹಳೆಯ ಮಾಲೀಕರು ತೀರಿಕೊಂಡರೆ ನಾಲ್ವತ್ತು ವರ್ಷಗಳ ಅನುಭವ ಅವರೊಡನೆ ಸುಟ್ಟುಹೋಗುತ್ತದೆ.

ಇನ್ನೊಂದು ಮಾತನ್ನು ಮಾಲೀಕರಿಗೆ ಹಿತವಾಗದಿದ್ದರೂ ಹೇಳಬೇಕು. ಬಾಗಿಲು ಮುಚ್ಚುವುದು ತಪ್ಪನ್ನು ಮುಚ್ಚುವುದಕ್ಕಾಗಿ ಅಲ್ಲ. ಅಪ್ರಾಪ್ತ ಮಕ್ಕಳನ್ನು ದುಡಿಸುವುದು ಹೇಗೆ, ಪ್ರಾವಿಡೆಂಟ್ ಫಂಡು ತಪ್ಪಿಸುವುದು ಹೇಗೆ, ಸಂಬಳ ಕೇಳಿದ ಹುಡುಗನಿಗೆ ಎಲ್ಲೂ ಕೆಲಸ ಸಿಗದಂತೆ ಮಾಡುವುದು ಹೇಗೆ ಎಂದು ಕಲಿಸುವ ಕೂಟ ನಮಗೆ ಬೇಡ. ಅಡುಗೆಮನೆಯ ಬಾಗಿಲಿಗೆ ಒಳಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕುತ್ತೇವಲ್ಲ, ಅದು ಒಳಗೆ ಶುಚಿಯಾಗಿ ಕೆಲಸ ನಡೆಯಲೆಂದು. ಒಳಗೆ ಕೊಳಕಿದ್ದರೆ ಆ ಬೋರ್ಡು ಗಿರಾಕಿಗೆ ಮೋಸ. ಇಂದಿನ ಮಾಲೀಕರಲ್ಲಿ ಎಷ್ಟೋ ಮಂದಿ ನಿನ್ನೆ ಟೇಬಲು ಒರೆಸಿದವರೇ ಎಂಬುದನ್ನು ಅವರ ಮಕ್ಕಳು ಮರೆಯಬಾರದು.

ಕೊನೆಯ ಮಾತು ನಮ್ಮ ವಾಚಕರ ಮನೆಗಳಿಗೆ. ನಿಮ್ಮ ಮನೆಯಲ್ಲಿ ಹೋಟೆಲು ನಡೆಸುವವರಿದ್ದರೆ ಇಂದು ರಾತ್ರಿ ಅವರು ಊಟಕ್ಕೆ ಕುಳಿತಾಗ ಕೇಳಿ: ನಿಮ್ಮ ಸಂಘವನ್ನು ಕೊನೆಯ ಬಾರಿ ಯಾವಾಗ ಒಂದು ಪ್ರಶ್ನೆ ಕೇಳಿದಿರಿ, ಉತ್ತರ ಎಂದು ಬಂತು? ಉತ್ತರ ಬಂದಿದ್ದರೆ ಸಂತೋಷ. ಬಂದಿಲ್ಲವಾದರೆ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಒಂದು ಸಾಲಿನ ಠರಾವು ಕಳುಹಿಸಲು ಹೇಳಿ: ಸದಸ್ಯರಿಗೆ ಮಾತ್ರ ಪ್ರವೇಶವಿರುವ, ನಿಯಮಬದ್ಧವಾದ ತಿಂಗಳ ವಿಚಾರಕೂಟವನ್ನು ಸಂಘ ಆರಂಭಿಸತಕ್ಕದ್ದು. ಸೂಚಕರೊಬ್ಬರು, ಅನುಮೋದಕರೊಬ್ಬರು ಸಾಕು. ವೇದಿಕೆಯ ಮೇಲಿನವರು ಅದನ್ನು ಮುಂದಿನ ವರ್ಷಕ್ಕೆ ತಳ್ಳಿದರೆ, ಮುಂದಿನ ವರ್ಷ ಮತ್ತೆ ಕಳುಹಿಸಿ. ಶಾಲು ಹೊದೆಯುವ ಸರದಿಗೆ ವರ್ಷಗಟ್ಟಲೆ ಕಾಯುವ ಜನ, ಇದಕ್ಕೂ ಸ್ವಲ್ಪ ಕಾದು ಹೋರಾಡಲಿ.